ಮಾತುಗಳನ್ನು ಎಣಿಸಿದವರು



ಕನ್ನಡದಲ್ಲಿ ‘ಎಣಿಸು’ ಎಂಬ ಕ್ರಿಯಾಪದಕ್ಕೆ ಎರಡು ಅರ್ಥಗಳಿವೆ. ಕಾಸನ್ನು ಎಣಿಸುತ್ತೇವೆ, ದಿನಗಳನ್ನು ಎಣಿಸುತ್ತೇವೆ, ಅದು ಲೆಕ್ಕ. ‘ಹೀಗಾಗುವುದೆಂದು ನಾನು ಎಣಿಸಿರಲಿಲ್ಲ’ ಎನ್ನುತ್ತೇವೆ, ಅದು ಆಲೋಚನೆ. ಲೆಕ್ಕ ಹಾಕುವುದನ್ನೂ ಮನಸ್ಸಿನಲ್ಲಿ ತೂಗಿ ನೋಡುವುದನ್ನೂ ನಮ್ಮ ಹಿರಿಯರು ಒಂದೇ ಪದದಲ್ಲಿ ಹಿಡಿದಿಟ್ಟಿದ್ದಾರೆ. ಈ ಎರಡು ಅರ್ಥಗಳ ನಡುವಿನ ನಂಟು ಎಷ್ಟು ಆಳವಾದುದೆಂದು ನನಗೆ ಅರಿವಾದದ್ದು ಕೋಲಾರ ಸೀಮೆಯ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ.

ಅಲ್ಲಿನ ಯುವಕನೊಬ್ಬ ನನ್ನ ಭಾನುವಾರದ ಪ್ರಬೋಧನೆಗಳ ಟಿಪ್ಪಣಿಗಳನ್ನು ಗಣಕಯಂತ್ರದಲ್ಲಿ ಅಚ್ಚುಕಟ್ಟಾಗಿ ಸೇರಿಸಿಕೊಟ್ಟಿದ್ದ. ಕೆಲಸ ಮುಗಿದ ಸಂಜೆ ಅವನು, “ಫಾದರ್, ಯಾವ ಮಾತು ಎಷ್ಟು ಸಲ ಬಂದಿದೆ ಅಂತ ಇದರಲ್ಲಿ ನೋಡಬಹುದು. ನೋಡ್ತೀರಾ?” ಎಂದ. ನನಗೂ ಕುತೂಹಲ. ‘ಪ್ರೀತಿ’ ಎಂದೆ, ಪುಟಪುಟದಲ್ಲೂ ಇತ್ತು. ‘ಕ್ಷಮೆ’ ಎಂದೆ, ಸಾಕಷ್ಟಿತ್ತು. ಒಳಗೊಳಗೇ ಹಿಗ್ಗಿದೆ. ಬಳಿಕ ಆ ಹುಡುಗ ತಾನಾಗಿಯೇ ಇನ್ನೊಂದು ಪದವನ್ನು ಒತ್ತಿದ. ಬಂದ ಉತ್ತರ ನನ್ನನ್ನು ಬಹಳ ದಿನ ಕಾಡಿತು. ಅದೇನೆಂದು ಹೇಳುವ ಮುನ್ನ, ಮಾತುಗಳನ್ನು ಎಣಿಸುವ ಈ ಕೆಲಸಕ್ಕಿರುವ ದೀರ್ಘ ಇತಿಹಾಸವನ್ನು ತಮ್ಮ ಮುಂದಿಡಲು ಬಯಸುತ್ತೇನೆ.

ಬರೆಯುವವರೇ ಎಣಿಸುವವರು

ಯೆಹೂದ್ಯರಲ್ಲಿ ಪವಿತ್ರ ಗ್ರಂಥವನ್ನು ಕೈಯಿಂದ ಪ್ರತಿ ಮಾಡುತ್ತಿದ್ದ ಶಾಸ್ತ್ರಿಗಳನ್ನು ‘ಸೋಫೆರಿಮ್’ ಎನ್ನುತ್ತಿದ್ದರು. ಹೀಬ್ರೂ ಭಾಷೆಯಲ್ಲಿ ಈ ಪದದ ಮೂಲಧಾತುವಿಗೆ ಎಣಿಸು ಎಂಬ ಅರ್ಥವೂ ಉಂಟು. ಧರ್ಮಶಾಸ್ತ್ರದ ಅಕ್ಷರಗಳನ್ನೆಲ್ಲ ಎಣಿಸುತ್ತಿದ್ದುದರಿಂದಲೇ ಹಿಂದಿನವರಿಗೆ ಆ ಹೆಸರು ಬಂತೆಂದು ತಲ್ಮೂದ್ ವಿವರಿಸುತ್ತದೆ. ಅವರ ಪರಂಪರೆಯನ್ನು ಮುಂದುವರಿಸಿದವರು ಸುಮಾರು ಆರರಿಂದ ಹತ್ತನೆಯ ಶತಮಾನದವರೆಗೆ ಗಲಿಲೇಯ ಸರೋವರದ ದಡದ ತಿಬೇರಿಯ ಮೊದಲಾದ ಕಡೆ ಶ್ರಮಿಸಿದ ಮಸೋರೆಟ್ ವಿದ್ವಾಂಸರು. ಇವರು ಪುಟದ ಅಂಚಿನಲ್ಲಿ ಚಿಕ್ಕ ಅಕ್ಷರಗಳಲ್ಲಿ, ಈ ಪದರೂಪ ಇಡೀ ಗ್ರಂಥದಲ್ಲಿ ಇಷ್ಟು ಸಲ ಬರುತ್ತದೆ ಎಂದು ಗುರುತು ಹಾಕುತ್ತಿದ್ದರು. ಒಂದೇ ಒಂದು ಸಲ ಬರುವ ಪದಕ್ಕೆ ಪ್ರತ್ಯೇಕ ಗುರುತು. ಆದಿಕಾಂಡದ ಕೊನೆಗೆ, ಇದರಲ್ಲಿ 1534 ವಚನಗಳಿವೆ ಎಂಬ ಲೆಕ್ಕ.

ಇದೇಕೆ ಇಷ್ಟು ಪಾಡು? ಮುದ್ರಣವಿಲ್ಲದ ಕಾಲದಲ್ಲಿ ನಕಲು ಮಾಡುವವನ ಕಣ್ಣು ಒಂದು ಸಾಲು ಜಾರಿದರೆ ದೇವರ ವಾಕ್ಯವೇ ಜಾರಿಹೋಗುತ್ತಿತ್ತು. ಎಣಿಕೆ ತಾಳೆಯಾಗದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯುತ್ತಿತ್ತು. ಅಂದರೆ ಅವರ ಎಣಿಕೆ ಒಂದು ಕಾವಲು. ಹೊಲಕ್ಕೆ ಬೇಲಿ ಇದ್ದಂತೆ.

ಮುಂದಿನ ಹೆಜ್ಜೆ ಇಟ್ಟವರು ಪ್ಯಾರಿಸ್ ನಗರದ ದೊಮಿನಿಕ್ ಸಭೆಯ ಗುರುಗಳು. 1230ರ ದಶಕದಲ್ಲಿ ಅಲ್ಲಿನ ಸಂತ ಯಾಕೋಬರ ಮಠದಲ್ಲಿ ಹ್ಯೂ ಆಫ್ ಸೇಂಟ್‌ಷೇರ್ ಎಂಬ ವಿದ್ವಾಂಸರ ಮುಂದಾಳುತನದಲ್ಲಿ ಲತೀನ್ ಬೈಬಲ್ಲಿನ ಪದಗಳನ್ನು ಅಕಾರಾದಿಯಾಗಿ ಜೋಡಿಸಿ, ಯಾವ ಪದ ಎಲ್ಲೆಲ್ಲಿ ಬರುತ್ತದೆ ಎಂದು ತೋರಿಸುವ ಪದಸೂಚಿ ಸಿದ್ಧವಾಯಿತು. ಐನೂರು ಮಂದಿ ಗುರುಗಳು ಇದಕ್ಕೆ ದುಡಿದರೆಂಬ ಐತಿಹ್ಯವಿದೆ. ಸಂಖ್ಯೆ ಹಿಗ್ಗಿರಬಹುದು, ದುಡಿಮೆ ಮಾತ್ರ ಸುಳ್ಳಲ್ಲ. ಆಗಿನ್ನೂ ಬೈಬಲ್ಲಿಗೆ ವಚನ ಸಂಖ್ಯೆಗಳಿರಲಿಲ್ಲ. ಆದ್ದರಿಂದ ಪ್ರತಿ ಅಧ್ಯಾಯವನ್ನೂ ಏಳು ಭಾಗಗಳೆಂದು ಭಾವಿಸಿ ಒಂದೊಂದಕ್ಕೆ ಒಂದೊಂದು ಅಕ್ಷರ ಕೊಟ್ಟರು. ಬೋಧಿಸುವ ಗುರು ‘ಬೆಳಕು’ ಎಂಬ ಒಂದು ಮಾತನ್ನು ಹಿಡಿದು ಆದಿಕಾಂಡದಿಂದ ಪ್ರಕಟನಾ ಗ್ರಂಥದವರೆಗೆ ನಡೆದು ಬರಲು ದಾರಿ ತೆರೆಯಿತು. ಇಲ್ಲಿ ಎಣಿಕೆ ಕಾವಲಾಗಿ ಉಳಿಯಲಿಲ್ಲ, ಹುಡುಕಾಟವಾಯಿತು.

ಒಂದು ಪುಟ್ಟ ಪದದ ಬೆನ್ನು ಹತ್ತಿ

ಮೂರನೆಯ ಹೆಜ್ಜೆ ನಮ್ಮ ಕಾಲದ್ದು. ಇಟಲಿಯ ಯೇಸುಸಭೆಯ ಗುರು ರೊಬೆರ್ತೊ ಬೂಸಾ (1913–2011) ಸಂತ ತೋಮಸ್ ಅಕ್ವಿನಾಸರ ಬರಹಗಳಲ್ಲಿ ‘ಸಾನ್ನಿಧ್ಯ’ದ ಕಲ್ಪನೆಯನ್ನು ಕುರಿತು ಸಂಶೋಧನೆ ನಡೆಸುತ್ತಿದ್ದರು. ಸಾನ್ನಿಧ್ಯ ಎಂಬರ್ಥದ ದೊಡ್ಡ ಪದವನ್ನೇ ಮೊದಲು ಹುಡುಕಿದರು. ಆದರೆ ಸಂತರ ಚಿಂತನೆ ಆ ದೊಡ್ಡ ಪದದಲ್ಲಿ ಇರಲಿಲ್ಲ; ‘ಒಳಗೆ’, ‘ಅಲ್ಲಿ’ ಎಂಬರ್ಥದ ‘ಇನ್’ ಎಂಬ ಪುಟ್ಟ ಲತೀನ್ ಪದದಲ್ಲಿತ್ತು. ನಮ್ಮ ಸಪ್ತಮೀ ವಿಭಕ್ತಿಯ ‘ಅಲ್ಲಿ’ ಪ್ರತ್ಯಯದಂತೆ, ಎಲ್ಲರ ಕಣ್ಣೂ ಹಾದುಹೋಗುವ ಪದ ಅದು. ಬೂಸಾ ಅವರು ಆ ಪದ ಬರುವ ವಾಕ್ಯಗಳನ್ನು ಸುಮಾರು ಹತ್ತು ಸಾವಿರ ಚೀಟಿಗಳ ಮೇಲೆ ಕೈಯಿಂದ ಬರೆದುಕೊಂಡರು.

ಇಡೀ ಅಕ್ವಿನಾಸ್ ಸಾಹಿತ್ಯವನ್ನೇ ಹೀಗೆ ಬಿಡಿಸಿ ಎಣಿಸಲು ಒಂದು ಆಯುಷ್ಯ ಸಾಲದೆಂದು ತಿಳಿದ ಅವರು 1949ರಲ್ಲಿ ಅಮೆರಿಕಕ್ಕೆ ಹೋಗಿ ಐಬಿಎಂ ಸಂಸ್ಥೆಯ ಮುಖ್ಯಸ್ಥ ಥಾಮಸ್ ವಾಟ್ಸನ್ನರ ನೆರವು ಕೋರಿದರು. ರಂಧ್ರ ಕೊರೆದ ಕಾರ್ಡುಗಳಿಂದ ಆರಂಭವಾದ ಆ ಕಾರ್ಯ ಮೂವತ್ತು ವರ್ಷ ನಡೆದು, ಒಂದು ಕೋಟಿಗೂ ಹೆಚ್ಚು ಪದಗಳ ಸೂಚಿ 56 ಸಂಪುಟಗಳಲ್ಲಿ 1980ರ ವೇಳೆಗೆ ಮುದ್ರಣವಾಗಿ ಮುಗಿಯಿತು. ಗಣಕಯಂತ್ರದಿಂದ ಸಾಹಿತ್ಯವನ್ನು ಅಧ್ಯಯನ ಮಾಡುವ ಪದ್ಧತಿಯ ಚರಿತ್ರೆ ಬರೆಯುವವರೆಲ್ಲ ಈ ಗುರುವಿನ ಹೆಸರಿನಿಂದ ಪ್ರಾರಂಭಿಸುತ್ತಾರೆ. ಆದರೆ ಗಲ್ಲರಾತೆ ಎಂಬ ಊರಿನಲ್ಲಿ ಕುಳಿತು ಆ ಕಾರ್ಡುಗಳಿಗೆ ರಂಧ್ರ ಕೊರೆದವರು ಬಹುಪಾಲು ಎಳೆಯ ವಯಸ್ಸಿನ ಹೆಣ್ಣುಮಕ್ಕಳು. ಅವರ ದುಡಿಮೆಯ ಕಡೆಗೆ ವಿದ್ವಾಂಸರ ಗಮನ ಹರಿದದ್ದು ಬಹಳ ತಡವಾಗಿ. ಈ ಮಾತನ್ನು ನೆನಪಿನಲ್ಲಿಡಿ. ಇದರ ನೆನಪು ಮುಂದೆ ಬೇಕಾಗುತ್ತದೆ.

ಕನ್ನಡದಲ್ಲೂ ಇಂಥ ಚೀಟಿಗಳ ತಪಸ್ಸು ನಡೆದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ವಿದ್ವಾಂಸರು ಶಾಸನಗಳಿಂದಲೂ ಕಾವ್ಯಗಳಿಂದಲೂ ಪದಗಳನ್ನು ಪ್ರಯೋಗ ಸಮೇತ ಚೀಟಿಗಳಿಗೆ ಇಳಿಸಿ ಎಂಟು ಸಂಪುಟಗಳನ್ನು ಕಟ್ಟಿದರು. ನಿಘಂಟು ಒಂದು ಪದ ಇದೆ ಎಂದು ಹೇಳುತ್ತದೆ. ಎಣಿಕೆಯಾದರೋ, ಆ ಪದ ಎಷ್ಟು ಜನರ ಬಾಯಲ್ಲಿ, ಎಷ್ಟು ಕಾಲ, ಯಾವ ಊರಿನಲ್ಲಿ ಬದುಕಿತ್ತು ಎಂದು ಹೇಳುತ್ತದೆ.

ಕೋಲಾರದ ಕಲ್ಲುಗಳಲ್ಲಿ

ಈಗ ನಮ್ಮ ನೆಲಕ್ಕೆ ಬರೋಣ. ಬೆಂಗಳೂರಿನಲ್ಲಿ 1837ರಲ್ಲಿ ಮಿಷನರಿಯೊಬ್ಬರ ಮಗನಾಗಿ ಹುಟ್ಟಿದ ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಾಸನಗಳನ್ನು ಊರೂರು ಅಲೆದು ಸಂಗ್ರಹಿಸಿದ ಕಥೆ ತಮಗೆ ತಿಳಿದಿರಬಹುದು. ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹೆಸರಿನ ಆ ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳಿವೆ. 1905ರಲ್ಲಿ ಹೊರಬಂದ ಹತ್ತನೆಯ ಸಂಪುಟ ಕೋಲಾರ ಜಿಲ್ಲೆಯದು. 2007ರಲ್ಲಿ ಬೇರೆಯಾದ ಚಿಕ್ಕಬಳ್ಳಾಪುರದ ಭಾಗವೂ ಅದರಲ್ಲಿದೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಕ್ರಮಸಂಖ್ಯೆ ಕೊಟ್ಟಿದ್ದಾರೆ: ಕೋಲಾರ, ಮುಳಬಾಗಿಲು, ಮಾಲೂರು, ಶ್ರೀನಿವಾಸಪುರ, ಹೀಗೆ. ಆದ್ದರಿಂದ ಯಾವ ಪದ ಯಾವ ತಾಲ್ಲೂಕಿನಲ್ಲಿ ಬರುತ್ತದೆಂದು ಎಣಿಸಬಯಸುವವನಿಗೆ ಅರ್ಧ ಕೆಲಸವನ್ನು ರೈಸ್ ಅವರೇ ಮುಗಿಸಿಟ್ಟಿದ್ದಾರೆ.

ಒಂದು ರಜೆಯಲ್ಲಿ ಆ ಸಂಪುಟವನ್ನು ಎದುರಿಗಿಟ್ಟುಕೊಂಡು ಬಿಡುವಾದಾಗಲೆಲ್ಲ ಓದಿದೆ. ನಾನು ಶಾಸನತಜ್ಞನಲ್ಲ; ಗುರುಮಠದಲ್ಲಿ ಕಲಿತ ಅಷ್ಟಿಷ್ಟು ಭಾಷಾಭ್ಯಾಸವೇ ನನ್ನ ಬಂಡವಾಳ. ರಾಜರ ಬಿರುದುಗಳು ಸಾಲುಗಟ್ಟಿ ನಿಲ್ಲುವುದು ನಿಜ. ಆದರೆ ಬಿರುದುಗಳ ಸದ್ದು ಅಡಗಿದ ಮೇಲೆ ಮತ್ತೆಮತ್ತೆ ಕಿವಿಗೆ ಬೀಳುವ ಮಾತುಗಳು ಬೇರೆಯೇ: ಕೆರೆ, ತೂಬು, ಗದ್ದೆ, ಬೆದ್ದಲು, ತುರು. ಹೊಲವನ್ನು ಅಳೆಯುವುದು ಅದಕ್ಕೆ ಬೇಕಾದ ಬೀಜದಿಂದ. ಇಷ್ಟು ಖಂಡುಗ, ಇಷ್ಟು ಕೊಳಗ. ದನಗಳನ್ನು ಹೊಡೆದುಕೊಂಡು ಹೋದವರ ಬೆನ್ನಟ್ಟಿ ಮಡಿದ ವೀರನ ಕಲ್ಲು ಒಂದೆಡೆ, ಅವನ ಮನೆಯವರಿಗೆ ಬಿಟ್ಟ ‘ಬಾಳ್ಗಚ್ಚು’ ಭೂಮಿಯ ಮಾತು ಇನ್ನೊಂದೆಡೆ.

ಇವುಗಳಲ್ಲಿ ಕೆರೆಗೆ ಒಂದು ಬಳಗವೇ ಇದೆ. ಕೆರೆಯ ನಿರ್ವಹಣೆಗೆಂದು ಬಿಟ್ಟ ಆದಾಯ ಅಥವಾ ಭೂಮಿ ‘ಬಿತ್ತುವಟ್ಟ’. ಕೆರೆ ಕಟ್ಟಿದ್ದಕ್ಕಾಗಿ ಪಡೆದ ಭೂಮಿ ‘ಕಟ್ಟುಕೊಡಗೆ’. ಮುಂದೆ ವಿಜಯನಗರದ ಕಾಲದಲ್ಲಿ ಕೆರೆ ಕಟ್ಟಿಸಿದವರಿಗೆ, ಒಡೆದ ಕೆರೆಯನ್ನು ದುರಸ್ತಿ ಮಾಡಿಸಿದವರಿಗೆ ಸಲ್ಲುತ್ತಿದ್ದ ಹತ್ತನೆಯ ಒಂದು ಪಾಲು ‘ದಶವಂದ’. ಮುಳಬಾಗಿಲಿನ ಬಳಿಯ ಆವನಿಯಲ್ಲಿ ಹತ್ತನೆಯ ಶತಮಾನದ ಒಂದು ಶಾಸನವಿದೆ. ನಲವತ್ತು ವರ್ಷ ಆ ಸ್ಥಾನದ ಅಧಿಪತಿಯಾಗಿದ್ದ ತ್ರಿಭುವನಕರ್ತರೆಂಬ ಯತಿ ಐವತ್ತು ದೇಗುಲಗಳನ್ನು ಕಟ್ಟಿಸಿದರೆಂದು ಹೇಳಿದ ಆ ಶಾಸನ, ಎರಡು ದೊಡ್ಡ ಕೆರೆಗಳನ್ನು ಕಟ್ಟಿಸಿದ್ದನ್ನೂ ಅದರೊಡನೆಯೇ ಹೇಳುತ್ತದೆ. ಆ ಕಾಲದವರಿಗೆ ದೇವರ ಕೆಲಸವೂ ಕೆರೆಯ ಕೆಲಸವೂ ಒಂದೇ ಉಸಿರಿನಲ್ಲಿ ಹೇಳತಕ್ಕ ಮಾತುಗಳಾಗಿದ್ದವು.

ವರ್ಷವಿಡೀ ಹರಿಯುವ ನದಿಯಿಲ್ಲದ ನಾಡು ಇದು. ಪಾಲಾರ್ ನದಿಯೂ ದಕ್ಷಿಣ ಪಿನಾಕಿನಿಯೂ ಮಳೆಯ ಕೃಪೆಗೆ ಕಾದು ಕುಳಿತವು. ಮಳೆನೀರನ್ನು ಹಿಡಿದಿಟ್ಟರೆ ಬದುಕು, ಇಲ್ಲವಾದರೆ ಗುಳೆ. ಹಾಗಿರುವಾಗ ಕಲ್ಲುಗಳು ಕೆರೆಯ ಮಾತನ್ನಾಡದೆ ಇನ್ನೇನನ್ನು ಆಡಬೇಕಿತ್ತು? ಒಂದು ಜನಾಂಗ ಯಾವುದರಿಂದ ಬದುಕಿತ್ತು ಎಂದು ತಿಳಿಯಬೇಕಾದರೆ ಅದು ಮರಳಿಮರಳಿ ಆಡಿದ ಮಾತನ್ನು ಕೇಳಬೇಕು.

ಎಣಿಕೆ ತಪ್ಪುವ ಬಗೆ

ಆದರೆ ಎಣಿಸುವವನು ಎಚ್ಚರ ತಪ್ಪಿದರೆ ಲೆಕ್ಕವೇ ಅವನಿಗೆ ಮೋಸ ಮಾಡುತ್ತದೆ. ‘ಕೆರೆ’ ಎಂಬ ಎರಡಕ್ಷರವನ್ನು ಮಾತ್ರ ಹುಡುಕಿದರೆ ಹಳಗನ್ನಡ ಶಾಸನಗಳಲ್ಲಿ ಶಕಟರೇಫದಿಂದ ಬರೆದ ‘ಕೆಱೆ’ ತಪ್ಪಿಹೋಗುತ್ತದೆ. ಹಿಂದೆ ‘ಪಿರಿಯ’ ಎಂದಿದ್ದದ್ದು ಮುಂದೆ ‘ಹಿರಿಯ’ ಆಗುತ್ತದೆ. ಯಂತ್ರಕ್ಕೆ ಅವು ಎರಡು ಪದ, ನಮಗೆ ಒಂದೇ. ಲತೀನ್ ಭಾಷೆಯಲ್ಲೂ ಪದಗಳು ವಿಭಕ್ತಿಯಿಂದ ರೂಪ ಬದಲಿಸುವುದರಿಂದ ಬೂಸಾ ಅವರು ಪ್ರತಿಯೊಂದು ರೂಪವನ್ನೂ ಅದರ ಮೂಲಪದದೊಡನೆ ಸೇರಿಸಬೇಕಾಯಿತು. ಸಂಧಿ ಸಮಾಸಗಳ ನಮ್ಮ ಭಾಷೆಯಲ್ಲಿ ಈ ತೊಡಕು ಇನ್ನೂ ಹೆಚ್ಚು.

ಕೋಲಾರದಲ್ಲಿ ಮತ್ತೊಂದು ತೊಡಕಿದೆ. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರ ಆಳ್ವಿಕೆ ಬಂದ ಮೇಲೆ ಇಲ್ಲಿ ತಮಿಳು ಶಾಸನಗಳು ಹೇರಳವಾದವು. ಕೋಲಾರಮ್ಮನ ಗುಡಿಯ ಗೋಡೆಗಳೇ ಸಾಕ್ಷಿ. ಆಂಧ್ರದ ಗಡಿಯತ್ತ ಸರಿದಂತೆ ತೆಲುಗು ಶಾಸನಗಳೂ ಸಿಗುತ್ತವೆ. ತಮಿಳಿನವರು ‘ಏರಿ’ ಎಂದದ್ದನ್ನು, ತೆಲುಗಿನವರು ‘ಚೆರುವು’ ಎಂದದ್ದನ್ನು ಎಣಿಸದೆ ‘ಕೆರೆ’ಯೊಂದನ್ನೇ ಎಣಿಸಿದವನು ಚೋಳರ ಕಾಲದಲ್ಲಿ ಈ ಸೀಮೆಯ ಕೆರೆಗಳೆಲ್ಲ ಬತ್ತಿದವೆಂದು ಚರಿತ್ರೆ ಬರೆದಾನು! ನಮ್ಮ ಧರ್ಮಕೇಂದ್ರಗಳಲ್ಲಿ ಈಗಲೂ ಒಂದೇ ಬೆಂಚಿನಲ್ಲಿ ಮೂರು ಭಾಷೆಯವರು ಕೂರುತ್ತಾರೆ. ಒಂದೇ ನೀರಿಗೆ ಮೂರು ಹೆಸರು. ಒಂದನ್ನು ಬಿಟ್ಟರೂ ಲೆಕ್ಕ ಕೆಟ್ಟಿತು.

ಪದೇಪದೇ ಬಂದದ್ದೆಲ್ಲ ನಿಜಸ್ಥಿತಿಯೂ ಅಲ್ಲ. ಶಾಸನಗಳ ಕೊನೆಯ ಶಾಪವಾಕ್ಯಗಳಲ್ಲಿ ವಾರಣಾಸಿಯ ಹೆಸರು ಹಾಗೂ ಕವಿಲೆ ಹಸುಗಳ ಮಾತು ಬರುವುದು ರೂಢಿ. ಅದರಿಂದ ಊರಿನವರೆಲ್ಲ ಕಾಶಿಯಾತ್ರೆ ಮಾಡಿದ್ದರೆಂದು ಹೇಳಲಾಗದು. ಗಂಗ ಅರಸರು ತಮ್ಮ ರಾಜಧಾನಿ ತಲಕಾಡಿಗೆ ಹೋದ ಮೇಲೂ ‘ಕುವಳಾಲಪುರ’ದ ಒಡೆಯರೆಂಬ ಬಿರುದನ್ನು ಬಿಡಲಿಲ್ಲ. ಕುವಳಾಲವೆಂದರೆ ಈ ಕೋಲಾರವೇ. ಬಾಯಿಪಾಠವಾದ ಮಾತು ಸಂಖ್ಯೆಯಲ್ಲಿ ಬೆಳೆಯುತ್ತದೆ, ತೂಕದಲ್ಲಿ ಬೆಳೆಯುವುದಿಲ್ಲ. ಇದಕ್ಕೆ ಪ್ರತಿಯಾಗಿ, ಬೇಗೂರಿನ ಒಂಬತ್ತನೆಯ ಶತಮಾನದ ವೀರಗಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಒಮ್ಮೆ ಬಂದಿದೆ. ಆ ಒಂದು ಸಲ ಸಾಕಾಯಿತು, ಒಂದು ಮಹಾನಗರದ ಹೆಸರು ಸಾವಿರ ವರ್ಷಕ್ಕೂ ಹಳೆಯದೆಂದು ತಿಳಿಯಲು. ಒಂದೇ ಸಲ ಬಂದ ಪದಕ್ಕೆ ಮಸೋರೆಟ್ ವಿದ್ವಾಂಸರು ಗುರುತು ಹಾಕುತ್ತಿದ್ದುದರ ವಿವೇಕ ಇಲ್ಲಿ ಅರ್ಥವಾಗುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು, ಬಾರದೇ ಉಳಿದ ಮಾತು. ಕೆರೆ ಕಟ್ಟಿಸಿದವರ ಹೆಸರು ಕಲ್ಲಿನಲ್ಲಿದೆ. ಕೆರೆ ಕಟ್ಟಿದವರ ಹೆಸರು? ಮಣ್ಣು ಅಗೆದ ಒಡ್ಡರು, ಬುಟ್ಟಿ ಹೊತ್ತ ಹೆಂಗಸರು, ರಾತ್ರಿಯೆಲ್ಲ ತೂಬು ಕಾದು ಗದ್ದೆಗದ್ದೆಗೆ ನೀರು ಹಂಚಿದ ನೀರಗಂಟಿ, ಇವರ ಹೆಸರುಗಳು ಸಿಗುವುದು ಬಲು ಅಪರೂಪ. ಗಲ್ಲರಾತೆಯ ಹೆಣ್ಣುಮಕ್ಕಳ ಮಾತನ್ನು ನೆನಪಿಡಿ ಎಂದು ಕೇಳಿಕೊಂಡದ್ದು ಇದಕ್ಕಾಗಿ. ಕಾಗದವಾಗಲಿ ಕಲ್ಲಾಗಲಿ, ಬರೆಸಿದವನ ಮಾತನ್ನು ಹೇಳುತ್ತದೆ. ಬೆವರು ಸುರಿಸಿದವರ ಮಾತನ್ನು ನಾವೇ ಸೇರಿಸಿಕೊಂಡು ಓದಬೇಕು.

ನನ್ನ ಲೆಕ್ಕ

ಈಗ ಆ ಸಂಜೆಗೆ ಮರಳುತ್ತೇನೆ. ಹುಡುಗ ಒತ್ತಿದ ಪದ ‘ನೀರು’. ನೀರಿನ, ನೀರಿಗೆ, ನೀರಲ್ಲಿ ಎಂಬ ರೂಪಗಳೂ ಸಿಗಲೆಂದು ‘ನೀರ’ ಎಂದೂ ಹುಡುಕಿದ. ಆಗ ಮೌನವೆಂಬ ಅರ್ಥದ ‘ನೀರವ’ವೂ ಬಂದು ಸೇರಿಕೊಂಡಿತು. ಅದನ್ನು ಕಳೆದು ನೋಡಿದರೆ, ಪಾಸ್ಖ ಜಾಗರಣೆಯ ಮತ್ತು ಜ್ಞಾನಸ್ನಾನದ ಪ್ರಬೋಧನೆಗಳನ್ನು ಬಿಟ್ಟು ಉಳಿದವುಗಳಲ್ಲಿ ನೀರಿನ ಮಾತು ಬೆರಳೆಣಿಕೆಯಷ್ಟು. ‘ಕೆರೆ’ ಎಂಬುದು ಇರಲೇ ಇಲ್ಲ.

ನನ್ನ ಎದುರಿಗೆ ಪ್ರತಿ ಭಾನುವಾರ ಕೂರುತ್ತಿದ್ದ ತಾಯಂದಿರು ನಸುಕಿಗೇ ಎದ್ದು ಟ್ಯಾಂಕರಿನ ಮುಂದೆ ಕೊಡವಿಟ್ಟು ಸರದಿ ಕಾದು ಬಂದವರು. ಅವರ ಗಂಡಂದಿರು ಸಾವಿರ ಅಡಿ ಕೊರೆಸಿದರೂ ನೀರು ಕಾಣದ ಕೊಳವೆಬಾವಿಗೆ ಸಾಲ ಮಾಡಿದವರು. ಅವರಿಗೆ ನಾನು ತಾಳ್ಮೆಯನ್ನು ಬೋಧಿಸಿದ್ದೆ. ಅವರು ಏತಕ್ಕಾಗಿ ತಾಳಬೇಕಾಗಿ ಬಂತೋ ಅದರ ಹೆಸರೆತ್ತಿರಲಿಲ್ಲ. ಯಾರೂ ದೂರಲಿಲ್ಲ. ನನ್ನ ಮಾತುಗಳೇ ಸಾಲಾಗಿ ನಿಂತು ನನ್ನ ಮೇಲೆ ಸಾಕ್ಷಿ ನುಡಿದವು.

2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೆ.ಸಿ. ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಹರಿಸಲಾಗುತ್ತಿದೆ. ಅದರ ಗುಣಮಟ್ಟದ ಬಗ್ಗೆ ವಾದವಿವಾದಗಳೂ ನಡೆದಿವೆ. ವಾದವಾದರೂ ಸರಿ, ಕೆರೆ ಎಂಬ ಪದ ಮತ್ತೆ ಜನರ ನಾಲಗೆಗೆ ಬಂದದ್ದು ಒಳ್ಳೆಯದೇ. ಆದರೆ ಅದರೊಡನೆ ಇನ್ನೊಂದು ಪದವೂ ಹಿಂದಿರುಗಬೇಕು. ನಮ್ಮ ಜನರ ಮಾತನ್ನು ಗಮನಿಸಿ: ‘ನಮ್ಮೂರ ಕೆರೆ’ ಎನ್ನುತ್ತಾರೆ, ‘ನನ್ನ ಬೋರ್‌ವೆಲ್’ ಎನ್ನುತ್ತಾರೆ. ಕೆರೆಗೆ ‘ನಮ್ಮ’, ಕೊಳವೆಬಾವಿಗೆ ‘ನನ್ನ’. ಬಿತ್ತುವಟ್ಟವೂ ದಶವಂದವೂ ‘ನಮ್ಮ’ ಎಂಬ ಪದ ಬಲವಾಗಿದ್ದ ಕಾಲದ ಮಾತುಗಳು. ಆ ಒಂದು ಸರ್ವನಾಮ ಸೋತ ದಿನವೇ ಕೆರೆಗಳಲ್ಲಿ ಹೂಳು ತುಂಬತೊಡಗಿತು ಎಂದು ನಾನು ಎಣಿಸುತ್ತೇನೆ.

ಈ ಹೊತ್ತಿಗೆ ತಮಗೂ ಒಂದು ಪುಟ್ಟ ಎಣಿಕೆಯನ್ನು ಒಪ್ಪಿಸಿ ಮುಗಿಸುತ್ತೇನೆ. ಇಂದು ಸಂಜೆ ಮನೆಯವರೆಲ್ಲ ಸೇರಿ ಪ್ರಾರ್ಥಿಸುವಾಗ ಪ್ರಭು ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಎರಡು ಪದಗಳನ್ನು ಎಣಿಸಲು ಮಕ್ಕಳಿಗೆ ಹೇಳಿ. ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿ ‘ನಾವು’, ‘ನಮ್ಮ’, ‘ನಮಗೆ’, ‘ನಮ್ಮನ್ನು’ ಎಂಬ ರೂಪಗಳು ಒಟ್ಟು ಒಂಬತ್ತು ಸಲ ಬರುತ್ತವೆ. ‘ನಾನು’, ‘ನನ್ನ’ ಎಂಬುದು ಎಷ್ಟು ಸಲ ಬರುತ್ತದೆ? ಒಮ್ಮೆಯೂ ಇಲ್ಲ. ಅನ್ನವನ್ನು ಸಹ ಅಲ್ಲಿ ಒಬ್ಬನಿಗಾಗಿ ಬೇಡುವುದಿಲ್ಲ.

ಮಕ್ಕಳು ಬೆರಳು ಮಡಿಸಿ ಎಣಿಸಲಿ. ದೊಡ್ಡವರು, ಕನ್ನಡ ಆ ಪದಕ್ಕೆ ಕೊಟ್ಟಿರುವ ಎರಡನೆಯ ಅರ್ಥದಲ್ಲಿ ಎಣಿಸೋಣ.